ಸಾಸರಿನಲ್ಲಿ ಇಂಗ್ಲಿಷ್ ಟೀ

ಬಿಸಿ ಟೀ ಮುಟ್ಟಿ ಆಣೆ ಮಾಡುತ್ತೇನೆ, ಇದು ನಡೆದದ್ದೇ. ೧೯೯೫ರ ಒಂದು ಭಾನುವಾರ ಸಂಜೆ, ದೂರದೇಶದ ಸೆಂಬವಾಂಗ್ ಬಸ್‌ಸ್ಟಾಪಿನಲ್ಲಿ ನನ್ನ ಮುಂದೆ ಕನ್ನಡದ ದಂಪತಿ ನಿಂತಿದ್ದರು. ಗಂಡನ ಇಂಗ್ಲಿಷ್ ಬಾಸ್ ಮನೆಯಲ್ಲಿ ಟೀ ಮುಗಿಸಿ ಹೊರಟವರು. ಹಿಂದೆ ನಿಂತಿದ್ದ ನನಗೂ ಕನ್ನಡ ಬರುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

“ಟೀನ ಸಾಸರ್‌ಗೆ ಸುರ್ಕೊಂಡು ಕುಡಿಯೋದೇ ಅವರ ಪದ್ಧತಿ ಅಂತ ಯಾಕ್ರೀ ಹೇಳಿದ್ರಿ?”

“ತಮಾಷೆಗೆ ಕಣೇ ಭಾಗೀರಥಿ. ನೀನು ಮಾಡೇಬಿಡ್ತೀಯ ಅಂತ ನಂಗೇನು ಗೊತ್ತು?”

“ನಾನು ಸೊರ್ ಅಂತ ಹೀರಿದ್ರೆ ಇಡೀ ಟೇಬಲ್ ನನ್ನೇ ನೋಡ್ತು! ಎದ್ದು ಓಡಿಹೋಗೋಣ ಅನ್ನಿಸ್ತು.”

“ನಂಗೆ ಪ್ರಮೋಷನ್ನೇ ಹೋಯ್ತು ಅನ್ನಿಸ್ತು.”

“ಆಮೇಲೆ ಬಾಸ್ ಹೆಂಡ್ತಿ ಏನಂದ್ರು, ಹೇಳಿ ನೋಡೋಣ.”

“ನಮ್ಮಜ್ಜಿ ಹೀಗೇ ಕುಡೀತಿದ್ರು ಅಂದ್ರು.”

“ಅಂದು ತಾವೂ ಸುರ್ಕೊಂಡ್ರು. ಬಾಸೂ ಸುರ್ಕೊಂಡ್ರು. ಆಮೇಲೆ?”

“ಬಿಡೇ, ಬಸ್ ಬಂತು.”

“ನೀವೂ ಸುರ್ಕೊಂಡ್ರಲ್ಲ, ಅದೆಲ್ಲಿ ಬಿತ್ತು?”

ಗಂಡ ಎದೆಗವಚಿಕೊಂಡಿದ್ದ ಬ್ಯಾಗನ್ನು ಆಕೆ ಸರಕ್ಕನೆ ಎಳೆದರು. ಬಿಳಿ ಶರ್ಟಿನ ತುಂಬ ಟೀ ಕಲೆ.

ನನ್ನದು ಬೇರೆ ಬಸ್ಸು. ಅವರ ಬಸ್ಸು ಹೊರಟ ಮೇಲೂ, ಎಂಜಿನ್ನಿನ ಸದ್ದನ್ನು ಮೀರಿ ಭಾಗೀರಥಿಯವರ ನಗು ಕೇಳುತ್ತಿತ್ತು.