ಬಿಚ್ಚಿದ ತೋಳು

ಹೌದು, ಬಿಚ್ಚಿದೆ! ನಾನೇ ಬಿಚ್ಚಿದೆ, ಏನೀಗ? ನೀನು ಗುಂಡಿ ತರೋಕೆ ಅಂತ ಆ ಕಡೆ ಹೋದೆ, ನಾನು ಈ ಕಡೆ ನೀನು ಹೊಲಿದ ಕೋಟಿನ ಎಡಗಡೆ ತೋಳು ಬಿಚ್ಚಿದೆ. ಭುಜದ ಹತ್ರ ಹೊಲಿಗೆ ಹಲ್ಲು ಕಿರೀತಿತ್ತು ಕಣೇ. ಅಕ್ಕ ಅಂತ ಒಬ್ಬಳು ಇದ್ದ ಮೇಲೆ ನೋಡ್ಕೊಂಡು ಸುಮ್ನೆ ಇರೋಕಾಗುತ್ತಾ? ಬಾ ಒಳಗೆ, ಬಾಗಿಲಲ್ಲಿ ಕಂಬದ ತರ ನಿಲ್ಬೇಡ. ಗಿರಾಕಿ ಬಂದ್ರೆ ದಾರಿ ಬೇಕು.

ಏನು, ಗಡಿಯಾರ ನೋಡ್ತಿದ್ದೀಯ? ನಾಲ್ಕು ಗಂಟೆಗೆ ಆ ನಾಟಕ ಕಂಪನಿಯವರು ಕರೆದಿದ್ದಾರೆ, ಗೊತ್ತು. ನೀನೇ ಕತ್ತರಿಸಿ, ನೀನೇ ಹೊಲಿದ ಒಂದು ಉಡುಪು ತಗೊಂಡು ಹೋಗ್ಬೇಕು, ಅದನ್ನ ನೋಡಿ ಕೆಲಸ ಕೊಡ್ತಾರೆ, ಅದೂ ಗೊತ್ತು. ತಿಂಗಳಿಂದ ಅದೇ ಪುರಾಣ ತಾನೆ! ರಾಜನ ಕೋಟು ಹೊಲೀತಾಳಂತೆ, ಮಂತ್ರಿಯ ನಿಲುವಂಗಿ ಹೊಲೀತಾಳಂತೆ... ಕೂಸು ಹುಟ್ಟೋಕೆ ಮುಂಚೆ ಕುಲಾವಿ! ಇವತ್ತಾಗದಿದ್ರೆ ಮುಂದಿನ ಸಲ ಹೋದ್ರಾಯ್ತು. ನಾಟಕದವರು ಎಲ್ಲಿಗೆ ಓಡಿ ಹೋಗ್ತಾರೆ?

ಯಾಕೆ ಮುಖ ಊದಿಸ್ಕೊಂಡೆ? ಓ, ನಿನ್ನ ಮೊಬೈಲ್ ಭಾಷಣದವನು ಹೀಗೆ ಹೇಳಿರಲಿಲ್ಲ, ಅಲ್ವಾ? ಬೆಳಗಾದ್ರೆ ಅವನದೇ ಗಂಟಲು ಈ ಅಂಗಡೀಲಿ. ‘ದೊಡ್ಡ ಗುರಿಯನ್ನ ಸಣ್ಣ ಸಣ್ಣ ತುಂಡು ಮಾಡಿ!’ ಆಹಾ! ತುಂಡು ಮಾಡೋದನ್ನ ದರ್ಜಿಗೆ ಇವನು ಹೇಳ್ಕೊಡ್ಬೇಕಾ? ‘ನಿಮ್ಮ ಗುರಿಯನ್ನ ನಾಲ್ಕು ಜನಕ್ಕೆ ಹೇಳಿ!’ ಹೇಳಿದ್ರಲ್ಲ ನಮ್ಮ ಚಿಕ್ಕಪ್ಪ. ಸಿಗರೇಟು ಬಿಟ್ಟೆ ಅಂತ ಬೀದಿಗೆಲ್ಲ ಸಾರಿದ್ರು. ಏನಾಯ್ತು? ಮೊದಲು ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಆರಾಮಾಗಿ ಸೇದ್ತಿದ್ರು, ಈಗ ಪಾಪ, ಕಕ್ಕಸಿನಲ್ಲಿ ನಿಂತು ಸೇದ್ತಾರೆ.

ನಗಲಿಲ್ಲ? ಯಾವಾಗ್ಲೂ ನಗ್ತಿದ್ದೆ ಇದಕ್ಕೆ...

ಸರಿ, ಪಕ್ಕದ ವಾಚ್ ರಿಪೇರಿಯವನನ್ನೇ ತಗೋ. ಹೊಟ್ಟೆ ಕರಗಿಸ್ತೀನಿ ಅಂತ ಹೊಸ ಬೂಟು ತಂದ. ಎರಡು ದಿನ ಬೀದಿ ಸುತ್ತಿದ. ಆರಂಭ ಶೂರ! ಆಮೇಲೆ ಮಳೆ ಬಂತು, ಮಂಡಿನೋವು ಬಂತು, ನಾದಿನಿ ಮದುವೆ ಬಂತು. ಹೊಟ್ಟೆ ಮಾತ್ರ ಎಲ್ಲೂ ಹೋಗ್ಲಿಲ್ಲ. ವರ್ಷಕ್ಕೊಂದು ಸಲ ಗುರಿ ಇಡ್ತಾನೆ, ವರ್ಷಕ್ಕೊಂದು ಸಲ ಪ್ಯಾಂಟ್ ತಂದು, ‘ಅಕ್ಕಾ, ಸೊಂಟ ಸ್ವಲ್ಪ ಬಿಚ್ಚಿಕೊಡಿ’ ಅಂತಾನೆ. ಜನ ಅಂದ್ಕೊಂಡಿದ್ದನ್ನೆಲ್ಲ ಮಾಡಿ ಮುಗಿಸಿಬಿಟ್ರೆ ನಮ್ಮಂಥ ಆಲ್ಟರೇಷನ್ ಅಂಗಡಿ ಗತಿ ಏನೇ? ಅವರ ಸೋಮಾರಿತನದಿಂದ ತಾನೆ ನಮ್ಮ ಒಲೆ ಉರಿಯೋದು!

ನಾನು ಹೇಳೋದು ಇಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು. ಇಲ್ಲಿ ಏನು ಕಡಿಮೆ ಆಗಿದೆ ನಿನಗೆ? ಕಿಟಕಿ ಪಕ್ಕದ ಮೆಷಿನ್ ನಿಂದು, ಫ್ಯಾನಿನ ಗಾಳಿಯೆಲ್ಲ ನಿಂದು. ಅಮ್ಮ ಹೋದ ಮೇಲೆ ನಿನಗೆ ಜಡೆ ಹಾಕಿ, ಕೈ ಹಿಡಿದು ಹೊಲಿಗೆ ಕಲಿಸಿದವಳು... ಇಲ್ಲ ಇಲ್ಲ, ಎತ್ತಿ ಆಡ್ತಿಲ್ಲ. ಹಾಗೆ ನೋಡ್ಬೇಡ. ಸುಮ್ನೆ ಬಾಯಿಗೆ ಬಂತು.

ಏನದು? ಕೋಟನ್ನ ಯಾಕೆ ನನ್ನ ಮೂಗಿಗೆ ಹಿಡೀತೀಯ? ನೋಡು, ನೀನೇ ನೋಡು, ಎಷ್ಟು ಚೊಕ್ಕವಾಗಿ ಬಿಚ್ಚಿದ್ದೀನಿ! ಹೊಲಿಗೆ ಬಿಚ್ಚೋದ್ರಲ್ಲಿ ನನ್ನನ್ನ ಮೀರಿಸೋರು ಈ ಬೀದೀಲಿ ಹುಟ್ಟಿಲ್ಲ. ದಾರ ಮಾತ್ರ ಕಿತ್ತಿದ್ದೀನಿ, ಬಟ್ಟೆಗೆ ಒಂದು ಎಳೆಯಷ್ಟೂ ಬ್ಲೇಡ್ ತಾಗಿಸಿಲ್ಲ...

ಬಿಡೇ, ಬೆರಳು ಯಾಕೆ ಎಳೀತೀಯ? ಎಲ್ಲಿ? ಏನಿದೆ ಅಲ್ಲಿ?

...ತೂತು.

ಇರಲಿಲ್ಲ ಕಣೇ. ಬಿಚ್ಚುವಾಗ ಇರಲೇ ಇಲ್ಲ. ಈ ಬಟ್ಟೆಯೇ ಜಾಳು. ಅದೂ ಕಪ್ಪು ಬಟ್ಟೆ, ಕಪ್ಪು ದಾರ, ಯಾರಿಗೆ ಕಾಣುತ್ತೆ? ಬೆಳಕಾದ್ರೂ ಸರಿಯಾಗಿದೆಯಾ ಇಲ್ಲಿ? ಆ ಕಿಟಕಿ ತೆಗಿ... ತೆಗೆದೇ ಇದೆಯಾ? ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ... ಅದೇ ತಾನೆ ಮನಸ್ಸಲ್ಲಿ ಅಂದ್ಕೊಂಡಿದ್ದು? ಬಾಯಿ ಬಿಟ್ಟು ಅನ್ನು!

ಸೂಜಿ ಯಾಕೆ ನನ್ನ ಕೈಗೆ ಕೊಡ್ತೀಯ? ದಾರ ನೀನೇ ಪೋಣಿಸು. ದಿನಾ ಬೆಳಿಗ್ಗೆ ಪೋಣಿಸಿ ಇಡೋಳು ನೀನೇ ತಾನೆ? ನನಗೆ ಬೇರೆ ಕೆಲಸ ಇರುತ್ತಲ್ಲ... ಕೊಡು, ಕೊಡು. ಇದೇನು ಮಹಾ! ದಾರದ ತುದಿ ಸೀಳಿದೆ. ಎಂಥ ಸೂಜಿ ತಂದಿದ್ದೀಯೇ, ಇದಕ್ಕೆ ಕಣ್ಣೇ ಇಲ್ಲ... ಇರು. ಇನ್ನೊಂದ್ಸಲ. ಇರು ಅಂದ್ನಲ್ಲ...

ನನ್ನ ಕಣ್ಣನ್ನೇ ಯಾಕೆ ನೋಡ್ತೀಯ? ಬೈಯಿ ಬೇಕಾದ್ರೆ!

ಆಯ್ತು, ಕಾಣಲ್ಲ. ಹತ್ರದ್ದು ಯಾವುದೂ ಕಾಣಲ್ಲ ನನಗೆ, ಎಲ್ಲ ಹೊಗೆ ಹೊಗೆ. ಕನ್ನಡಕದಿಂದ ಆಗಲ್ಲ ಅಂದ್ರು ಕಣ್ಣಿನ ಡಾಕ್ಟರು, ಪೊರೆ ಬಂದಿದೆಯಂತೆ, ಆಪರೇಷನ್ ಆಗ್ಬೇಕಂತೆ. ಮುಂದಿನ ತಿಂಗಳು ಬರ್ತೀನಿ ಅಂತ ಎದ್ದು ಬಂದೆ. ಹೋಗ್ಲಿಲ್ಲ. ಆ ವಾಚ್‌ನವನಿಗಾದ್ರೂ ಎರಡು ದಿನ ಓಡೋ ಧೈರ್ಯ ಇತ್ತು! ಹೆದರಿಕೆ ಆಗುತ್ತೆ ಕಣೇ. ನೀನು ಆ ಕೆಲಸಕ್ಕೆ ಹೋಗಿಬಿಟ್ರೆ ನನಗೆ ದಾರ ಪೋಣಿಸಿ ಕೊಡೋರು ಯಾರು? ಗಿರಾಕಿ ಎದುರಿಗೆ ಸೂಜಿ ಹಿಡ್ಕೊಂಡು ತಡಕಾಡ್ಲಾ?

ಬಾ, ಇನ್ನೂ ಹೊತ್ತಿದೆ. ದಾರ ಪೋಣಿಸಿಕೊಡು ಸಾಕು, ತೋಳು ನಾನು ಕೂರಿಸ್ತೀನಿ. ತೂತನ್ನ ಒಳಗೆ ಮಡಚಿ ಹೊಲಿದ್ರೆ ಯಾವ ರಾಜನಿಗೂ ಗೊತ್ತಾಗಲ್ಲ. ಹೊಲಿಯೋಕೆ ನನಗೆ ಬೆರಳೇ ಸಾಕು. ಕೊಡು ಕೋಟು.

ಕೊಡೇ.

ಯಾಕೆ ಹಿಂದೆ ಸರಿದೆ? ಯಾಕೆ ಅದನ್ನ ಹಾಗೆ ಎದೆಗೆ ಒತ್ತಿ ಹಿಡ್ಕೊಂಡೆ? ನಾನು ಕಣೇ... ನಿನ್ನ ಅಕ್ಕ... ಬಲಗಡೆ ತೋಳು ಮುಟ್ಟಲ್ಲ ಕಣೇ, ದೇವರಾಣೆ ಮುಟ್ಟಲ್ಲ!