ಶೀನಣ್ಣ ಆನೆಗುಡ್ಡೆಗೆ ಬಾರದ ಕಥೆ

ಅಲ್ಲ ಮಕ್ಳೇ, ಕ್ಲಚ್ ಬಿಡದೇ ಇಪ್ಪುದು ಬೇರೆ, ಕ್ಲಚ್ ಜಾರುದು ಬೇರೆ, ಅದನ್ನ ಮೊದ್ಲು ತಿಳ್ಕಣಿ. ಪೆಡಲ್ ಪೂರ್ತಿ ಒತ್ತಿದ್ರೂ ಗೇರು ಕರಕರ ಅಂತದೆ ಅಂದ್ರೆ ಅದು ಬಿಡ್ತಾ ಇಲ್ಲ ಅಂತ. ಎಂಜಿನ್ ಮಾತ್ರ ಬೊಬ್ಬೆ ಹೊಡೀತದೆ, ಗಾಡಿ ಇದ್ದಲ್ಲೇ ಇರ್ತದೆ ಅಂದ್ರೆ ಅದು ಜಾರುದು. ನನ್ನ ಟ್ರಾಕ್ಟರಿಗೆ ಒಂದೇ ವರ್ಷದಲ್ಲಿ ಎರಡೂ ಆಯ್ತು, ಹಾಗಾಗಿ ನಂಗೆ ಯಾರೂ ಹೇಳಿಕೊಡುದು ಬೇಡ. ನಾನು ಬಿ.ಎಸ್ಸಿ. ಮಾಡಿ ಮುಂಬೈ ಸೇರಿದವ, ಗೊತ್ತುಂಟಲ್ಲ, ಅಲ್ಲಿ ಕಂಪೆನಿ ಬಾಗಿಲು ಹಾಕಿತು, ತೊಂಬತ್ತೆಂಟರಲ್ಲಿ ಊರಿಗೆ ಬಂದೆ. ನಿಮ್ಮಜ್ಜಿಯ ಎರಡು ಬಳೆ ಹೋಯ್ತು, ಘಟ್ಟದ ಮೇಲಿಂದ ಒಂದು ಮುದಿ ಟ್ರಾಕ್ಟರು ಬಂತು. ಬೇರೆಯವರ ಗದ್ದೆ ಉತ್ತು ಮನೆ ನಡೆಸುದು ಅಂತ ಲೆಕ್ಕ. ಕುಂಭಾಶಿ ಬದಿಯ ನಮ್ಮ ಬಯಲಿನಲ್ಲಿ ಆಗ ಇದ್ದದ್ದು ಮತ್ತೊಂದೇ ಟ್ರಾಕ್ಟರು, ಶೀನಣ್ಣನದ್ದು. ಅವನಿಗೆ ನಾನು ಕಣ್ಣಿಗೆ ಬಿದ್ದ ಕಸ.

ಆ ಟ್ರಾಕ್ಟರು ಘಟ್ಟದ ಮೇಲೆ ಒಣ ಹೊಲ ಉತ್ತದ್ದು ಮಾತ್ರ, ಕೆಸರು ಅಂದ್ರೆ ಎಂತ ಅಂತ ಅದಕ್ಕೆ ಗೊತ್ತಿಲ್ಲ. ಮೊದಲ ಮಳೆಗೆ ಗದ್ದೆಗೆ ಇಳಿಸಿದೆ, ಮೊಣಕಾಲು ಮುಳುಗುವ ಕೆಸರು, ನಾಲ್ಕು ದಿನಕ್ಕೇ ಕ್ಲಚ್ ಹಿಡ್ಕಂಡಿತು, ಗೇರೇ ಬೀಳುದಿಲ್ಲ. ದಾರಿಯಲ್ಲಿ ಹೋಗ್ತಾ ಇದ್ದ ಶೀನಣ್ಣ ತಾನಾಗಿ ಬಂದ, ಬಗ್ಗಿ ಕಂಡ. "ಗದ್ದಿ ನೀರ್ ಒಳ್ಗ್ ಹೋಯ್ತ್ ಮಾರಾಯ್ರೆ. ಕ್ಲಚ್ಚಿನ ಡಬ್ಬಿ ಅಡಿಯಂಗೆ ಒಂದ್ ಒಟ್ಟೆ ಇತ್ತ್ ಕಾಣಿ, ಅದ್ಕೊಂದ್ ಪ್ಲಗ್ ಹಾಕಿ ಬಿಗೀರಿ. ಅಷ್ಟೇ." ಅಷ್ಟೇ ಅಂದ, ನೆನಪಿಟ್ಕಣಿ. ಬಿಚ್ಚಿ, ತೊಳ್ದು, ಪ್ಲಗ್ ಬಿಗಿದೆ, ಮಳೆಗಾಲ ಪೂರ್ತಿ ಗಾಡಿ ಗಂಟೆ ಹೊಡೆದ ಹಾಗೆ ಓಡಿತು. ನಾನು ಅವನಿಗೆ ಕೈ ಮುಗಿದೆ, ಮನೆಗೆ ಕರೆದು ಚಾ ಕೊಟ್ಟೆ, ನಿಮ್ಮಜ್ಜಿ ಹಲಸಿನ ಹಪ್ಪಳ ಸುಟ್ಟು ಕೊಟ್ಟಳು. ಅಲ್ಲ, ಸುಟ್ಟದ್ದಲ್ಲ, ಕರಿದದ್ದು. ಎಣ್ಣೆ ದಂಡ.

ಭತ್ತ ಕೊಯ್ದ ಮೇಲೆ ನಮ್ಮಲ್ಲಿ ನೆಲಗಡಲೆ ಅಲ್ದಾ, ಮಣ್ಣಿನಲ್ಲಿ ಪಸೆ ಇಪ್ಪಾಗಲೇ ಉತ್ತು ಬೀಜ ಹಾಕ್ಬೇಕು, ತಡ ಆದ್ರೆ ಮುಗೀತು. ಲಚ್ಚಮ್ಮಕ್ಕನ ಗದ್ದೆಗೆ ಇಳಿದೆ. ಲಚ್ಚಮ್ಮಕ್ಕ ಅಂದ್ರೆ ಬಯಲಿಗೇ ದೊಡ್ಡವರು, ಅವರು ಕರೆದ ಟ್ರಾಕ್ಟರನ್ನೇ ಉಳಿದವರೂ ಕರೀತಿದ್ರು. ಅರ್ಧ ಗದ್ದೆ ಆಗುದ್ರೊಳಗೆ ಎಂಜಿನ್ ಬೊಬ್ಬೆ, ಗಾಡಿ ನಿಂತಲ್ಲೇ, ಅಡಿಯಿಂದ ಹೊಗೆ, ಸುಟ್ಟ ವಾಸನೆ. ಬಯಲಿನವರೆಲ್ಲ ಕಟ್ಟೆ ಮೇಲೆ ನಿಂತು ಕಂಡದ್ದೇ ಕಂಡದ್ದು. ಸಂಜೆಯೊಳಗೆ ಶೀನಣ್ಣ ಬಂದು ಲಚ್ಚಮ್ಮಕ್ಕನ ಗದ್ದೆ, ಪಕ್ಕದ್ದು, ಅದರ ಪಕ್ಕದ್ದು, ಎಲ್ಲ ಉತ್ತ. ನನ್ನ ಗಾಡಿ ಮಧ್ಯದಲ್ಲಿ ಬೆದರುಗೊಂಬೆ ಹಾಗೆ.

ಮರುದಿನ ನಾನೇ ಪರೀಕ್ಷೆ ಮಾಡಿದೆ. ಪೆಡಲಿನಲ್ಲಿ ಸ್ವಲ್ಪ ಸಡಿಲು ಇರ್ಬೇಕು, ಇತ್ತು. ಬ್ರೇಕ್ ಒತ್ತಿ, ದೊಡ್ಡ ಗೇರು ಹಾಕಿ, ಕ್ಲಚ್ ಬಿಟ್ಟೆ. ಸಮ ಇದ್ರೆ ಎಂಜಿನ್ ಕೆಮ್ಮಿ ನಿಲ್ಬೇಕು, ಇದು ಆರಾಮಾಗಿ ಓಡ್ತಾ ಇತ್ತು. ಜಾರುದು ಖಂಡಿತ. ಅಡಿಗೆ ಮಲಗಿ ಆ ಪ್ಲಗ್ ಬಿಚ್ಚಿದೆ ಕಾಣಿ, ಕಪ್ಪು ಆಯಿಲ್ ಮುಖದ ಮೇಲೇ ಸುರೀತು. ಆಗ ತಲೆಗೆ ಹೊಳೀತು. ಹಳೆ ಗಾಡಿ, ಎಂಜಿನ್ನಿಂದ ಆಯಿಲ್ ತೊಟ್ಟಿಕ್ಕುದೇ, ಅದು ಹೊರಗೆ ಹೋಗ್ಲಿ ಅಂತಲೇ ಆ ಒಟ್ಟೆ ಇಪ್ಪುದು. ಕೆಸರಿಗೆ ಇಳಿವಾಗ ಮುಚ್ಬೇಕು, ಮಳೆ ಹೋದ ಕೂಡ್ಲೆ ತೆಗೀಬೇಕು. ಶೀನಣ್ಣ ಮುಚ್ಚುಕೆ ಹೇಳಿದ, ತೆಗಿಯೂಕೆ ಹೇಳ್ಲಿಲ್ಲ. ಕ್ಲಚ್ ಪ್ಲೇಟು ಎಣ್ಣೆಯಲ್ಲಿ ಮಿಂದು ಸುಟ್ಟು ಹೋಗಿತ್ತು.

ಅಷ್ಟಾದ್ರೆ ಸುಮ್ಮನಿರ್ತಿದ್ದೆನೋ ಏನೋ. ಅವ ಊರಿಡೀ ಬೇರೆಯೇ ಹೇಳ್ಕಂಡು ತಿರುಗಿದ. "ಮಳಿ ಹೋದ್ ಕೂಡ್ಲೆ ತೆಗೀರಿ ಅಂತ ನಾನ್ ಬಾಯಿ ಬಿಟ್ಟ್ ಹೇಳಿದ್ದೆ. ಓದ್ದವ್ರ್ ನಮ್ಮ್ ಮಾತ್ ಕೇಂತ್ರಾ?" ಆಯ್ತು, ನಾನು ದಡ್ಡ, ಅಹಂಕಾರಿ. ಹೊಸ ಪ್ಲೇಟು ಹಾಕಿಸಿದ ಮೇಲೂ ಯಾರೂ ಗದ್ದೆಗೆ ಕರೀಲಿಲ್ಲ. ನಾನು ಲಚ್ಚಮ್ಮಕ್ಕನ ಜಗಲಿಯಲ್ಲಿ ನಿಂತು ನಡೆದದ್ದು ಹೇಳಿದೆ. ಅವರು ಎಲೆ ಅಡಿಕೆ ಜಗೀತಾ ಕೇಳಿ, "ಇಬ್ರೂ ಆನೆಗುಡ್ಡೆಗ್ ಹೋಯ್ ಪ್ರಮಾಣ ಮಾಡಿ, ಮತ್ತ್ ಕಾಂಬ" ಅಂದ್ರು. ನಾನು ಮರುದಿನವೇ ಮಿಂದು, ಅವರನ್ನೂ ಕರ್ಕಂಡು ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿ, ದೇವರ ಎದುರು ಪ್ರಮಾಣ ಮಾಡಿ ಬಂದೆ. ಇನ್ನು ಶೀನಣ್ಣನ ಸರದಿ.

ಆನೆಗುಡ್ಡೆ ಎಷ್ಟು ದೂರ ಹೇಳಿ? ಇಲ್ಲಿಂದ ಗಂಟೆ ಕೇಳ್ತದೆ. ಆದ್ರೆ ಶೀನಣ್ಣನಿಗೆ ಸೂತಕ. ಸೂತಕ ಕಳೀತು, ಹೋಪನಾ ಅಂದ್ರೆ ಬೆಳಿಗ್ಗೆ ಮೀನು ತಿಂದಿದ್ದಾನೆ. ಮತ್ತೆ ಮೊಣಕಾಲು ನೋವು. ಮತ್ತೆ ಸೂತಕ. ಒಬ್ಬ ಮನುಷ್ಯನ ಕುಟುಂಬದಲ್ಲಿ ಎಷ್ಟು ಜನ ಸಾಯ್ಲಿಕ್ಕೆ ಸಾಧ್ಯ, ನೀವೇ ಹೇಳಿ. ನಾನು ಬಿಡ್ಲಿಲ್ಲ. ಜಗಳ ಇಲ್ಲ, ಬೈಗುಳ ಇಲ್ಲ, ಹಲ್ಲು ಕಾಣಿಸಿ ನಗುದು, ಕೇಳುದು. ಹಾಲಾಡಿ ಪೇಟೆಯಲ್ಲಿ ಸಿಕ್ಕಿದ್ರೆ ರಸ್ತೆಯ ಈಚೆಯಿಂದ ಕರೆಯುದು, "ಹ್ವಾಯ್ ಶೀನಣ್ಣ, ಯಾವಾಗ ಹೋಪ?" ಕ್ಷೌರದಂಗಡಿಯಲ್ಲಿ ಅವನ ಮುಖಕ್ಕೆಲ್ಲ ಸಾಬೂನು ಇಪ್ಪಾಗ ಕಿವಿಯ ಹತ್ರ ಹೋಗಿ ಕೇಳಿದ್ದೂ ಉಂಟು. ನಿಮ್ಮಜ್ಜಿ, ಸಾಕು ಬಿಡಿ, ಪಾಪ ಅಂತಿದ್ದಳು. ಪಾಪ ಅಂತೆ. ಬಳೆ ಹೋದದ್ದು ಅವಳದ್ದೇ. ಲಚ್ಚಮ್ಮಕ್ಕ ಮುಂದಿನ ಮಳೆಗೆ ನನ್ನನ್ನೇ ಕರೆದ್ರು, ಆದ್ರೆ ಉಳಿದವರ ಬಾಯಲ್ಲಿ ನಾನಿನ್ನೂ ಹೇಳಿದ್ದು ಕೇಳದೆ ಕ್ಲಚ್ ಸುಟ್ಟುಕೊಂಡವನೇ. ಆ ಹೆಸರು ಅಳಿಸದೆ ನಂಗೆ ನಿದ್ರೆ ಇಲ್ಲ.

ವರ್ಷಗಟ್ಟಲೆ ಹೀಗೇ ನಡೀತು. ಕಡೆಗೆ ಬ್ರಹ್ಮಾವರದಲ್ಲಿ ಶೀನಣ್ಣನ ಅಕ್ಕನ ಮಗನ ಮದುವೆ, ಬಯಲಿನವರಿಗೆಲ್ಲ ಹೇಳಿಕೆ, ನಂಗೂ. ಪಂಕ್ತಿಯಲ್ಲಿ ನಾನು ಬೇಕಂತಲೇ ಅವನ ಎದುರಿನ ಎಲೆ ಹಿಡಿದೆ. ಅವನ ಬಲಕ್ಕೆ ಹೊಸ ಬೀಗರು, ಎಡಕ್ಕೆ ಲಚ್ಚಮ್ಮಕ್ಕ. ಪಾಯಸ ಬಂತು. ನಾನು ಮೆಲ್ಲ ಕೇಳಿದೆ, "ಶೀನಣ್ಣ, ಕೈ ತೊಳ್ಕಂಡ್ ಹೋಪನಾ? ಇವತ್ತ್ ಮೀನ್ ಇಲ್ಲೆ ಅಲ್ದಾ." ಬೀಗರು, ಎಲ್ಲಿಗೆ, ಎಲ್ಲಿಗೆ ಅಂತ ಕೇಳಿದ್ರು. ನಾನು ಪ್ರಮಾಣದ ಕಥೆ ಶುರು ಮಾಡುದ್ರೊಳಗೆ ಅವ ಕೈಯ ತುತ್ತನ್ನ ಎಲೆ ಮೇಲೆ ಹಾಕಿದ.

"ಹೇಳ್ಲಿಲ್ಲ ಮಾರಾಯ. ತೆಗಿಯೂಕೆ ನಾನ್ ಹೇಳ್ಲಿಲ್ಲ, ಬೇಕಂತ್ಲೇ ಹೇಳ್ಲಿಲ್ಲ. ಇನ್ನಾದ್ರೂ ಉಂಬುಕ್ ಬಿಡ್."

ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತ್ತು. ಲಚ್ಚಮ್ಮಕ್ಕ ಎಲ್ಲರಿಗೂ ಕೇಳುವ ಹಾಗೆ, "ಕೇಂಡ್ರಲ್ದಾ?" ಅಂದ್ರು, ಅಷ್ಟೇ. ನಾನು ಕ್ಷಮಿಸಿದೆನಾ ಅಂತ ನಿಮ್ಮಮ್ಮ ಕೇಳ್ತಾಳೆ. ಕ್ಷಮಿಸುದೆಂತಕೆ, ನಾನು ಮತ್ತೆರಡು ಸೌಟು ಪಾಯಸ ಹಾಕಿಸ್ಕಂಡು ಉಂಡೆ, ಅಂಥ ಪಾಯಸ ಮತ್ತೆ ಎಲ್ಲೂ ಸಿಕ್ಕಲಿಲ್ಲ. ಯಾರಿಗಾದ್ರೂ ಬುದ್ಧಿ ಹೇಳುದಾದ್ರೆ ಪೂರ್ತಿ ಹೇಳಿ ಮಕ್ಳೇ, ಇಲ್ದಿದ್ರೆ ಬಾಯಿ ಮುಚ್ಕಂಡು ದಾರಿ ಹಿಡ್ದು ಹೋಗಿ.