ಪೈಲಟ್ ಪಕ್ಕದ ಸೀಟು

ರಸ್ತೆಯಿಲ್ಲದ ನಮ್ಮ ಕಡಲತೀರಕ್ಕೆ ಇರುವುದು ಒಂದು ಪುಟ್ಟ ಖಾಸಗಿ ವಿಮಾನ ನಿಲ್ದಾಣ. ಬೆಳಿಗ್ಗೆ ಅದರ ಬೇಲಿಗೆ ಬಟ್ಟೆ ಹರವುತ್ತಿದ್ದೆ, ಸೈರನ್ ಕೂಗಿತು. ವಿಮಾನ ಇಳಿಯುವ ಮೊದಲು ಬಟ್ಟೆ ತೆಗೆಯಲೇಬೇಕು. ಮತ್ತೆ ಬಕೆಟ್ಟಿಗೆ ತುಂಬುತ್ತಿದ್ದಾಗ, ಬೇಲಿಯಾಚೆ ಬೆಂಚಿನಲ್ಲಿ ಕೂತಿದ್ದ ಅಜ್ಜಿ-ಮೊಮ್ಮಗಳ ಮಾತು ಕಿವಿಗೆ ಬಿತ್ತು.

“ಅಜ್ಜಿ, ಅಮ್ಮ ಯಾವ ಸೀಟಲ್ಲಿದಾಳಂತೆ?”

“ಮುಂದೆ, ಪೈಲಟ್ ಪಕ್ಕ. ಪೈಲಟ್ಟೇ ರೇಡಿಯೋದಲ್ಲಿ ನಿಲ್ದಾಣದೋರಿಗೆ ಹೇಳಿದ್ರಂತೆ.”

“ಸುಳ್ಳು! ಆಸ್ಪತ್ರೆಗೆ ಹೋಗುವಾಗ ಹಿಂದೆ ಕೂರಿಸಿದ್ರು.”

“ಆಗ ಕಡ್ಡಿ ಥರ ಇದ್ಳು ಕಣೇ. ಈ ವಿಮಾನದಲ್ಲಿ ತೂಕ ನೋಡಿ ಕೂರಿಸ್ತಾರೆ. ಹಗುರ ಇದ್ದೋರು ಹಿಂದೆ, ಭಾರ ಇದ್ದೋರು ಮುಂದೆ.”

“ಅಂದ್ರೆ ಅಮ್ಮ ದಪ್ಪ ಆಗಿದಾಳಾ?”

“ಆಗ್ಲಿ ಬಿಡು, ನನ್ನ ಮಗಳು ಆನೆಯಷ್ಟಾಗ್ಲಿ!”

“ಅಜ್ಜಿ, ಹಾಗಾದ್ರೆ ಅಮ್ಮ…”

“ಅದನ್ನೇ ಕೇಳಿ ರಾತ್ರಿಯೆಲ್ಲ ತಲೆ ತಿಂದೆ. ನಂಗೇನು ಗೊತ್ತು? ಅವಳನ್ನೇ ಕೇಳು.”

“ಕೇಳಿದ್ರೆ ಅತ್ತುಬಿಟ್ರೆ?”

“ಅತ್ರೆ ಸಮಾಧಾನ ಮಾಡೋಕೆ ನಾನಿಲ್ವಾ?”

ವಿಮಾನ ಬಂದು ನಿಂತಿತು. ಮುಂದಿನ ಬಾಗಿಲಿನಿಂದ, ತಲೆಗೆ ಬಟ್ಟೆ ಸುತ್ತಿಕೊಂಡ ದುಂಡು ಮುಖದ ಹೆಂಗಸು ಇಳಿದಳು. ಹುಡುಗಿ ಅಜ್ಜಿಯ ಕೈ ಬಿಡಿಸಿಕೊಂಡು ಓಡಿದಳು. ಹಿಂದೆಯೇ ಅಜ್ಜಿಯೂ ಹೋದರು. ಬೇಲಿಯಾಚೆಯಿಂದ ಹುಡುಗಿಯ ದನಿ ನನಗೂ ಕೇಳಿಸಿತು.

“ಅಮ್ಮಾ, ಇನ್ನು ಮನೇಲೇ ಇರ್ತೀಯಾ?”